ಒತ್ತೆಗೆ ಕೊಟ್ಟ ತಾಯತ

ಅವರ ಎಡಗಿವಿಯಲ್ಲಿ ಯಾವಾಗಲೂ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆ ಇರುತ್ತಿತ್ತು. ಎಣ್ಣೆ ಕೆನ್ನೆಯ ಮೇಲೆ ಸಣ್ಣಗೆ ಇಳಿದು, ನರೆತ ಗಡ್ಡದ ಒಂದು ಪಕ್ಕ ಮಾತ್ರ ಸದಾ ಮಿಂಚುತ್ತಿತ್ತು. ಬಾವಿಗಳ ತಳ ಮುಟ್ಟಿ ಮುಟ್ಟಿ ಆ ಕಿವಿ ಪೂರ್ತಿ ಕೆಟ್ಟಿತ್ತು. ಬೇಡದವರು ಮಾತಿಗೆ ಬಂದರೆ ಅದೇ ಕಿವಿಯನ್ನು ಅವರತ್ತ ತಿರುಗಿಸಿ ನಿಲ್ಲುತ್ತಿದ್ದರು. ಎದುರಿನವರು ಗಂಟಲು ಹರಿದುಕೊಂಡು ಸುಸ್ತಾದ ಮೇಲೆ "ಆಯ್ತಾ?" ಎಂದು ಕೇಳಿ ತಮ್ಮ ಕೆಲಸಕ್ಕೆ ಹೊರಡುತ್ತಿದ್ದರು.

ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಅವರು ಬಾವಿ ಸಾಬರು. ಬಾವಿಗೆ ಬಿದ್ದ ಕೊಡ ತೆಗೆಯುವುದು, ಹೂಳು ಎತ್ತುವುದು, ಪಂಪಿನ ಪೈಪು ಕಳಚಿಕೊಂಡರೆ ಮುಳುಗಿ ಸರಿಮಾಡುವುದು ಅವರ ಕಸುಬು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹುತ್ರಿದುರ್ಗದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರಾಗಿದ್ದೆ. ದಿನಾ ಪ್ರೈವೇಟ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಬಾಡಿಗೆ ಮನೆಯ ಎದುರೇ ಅವರ ಮನೆ.

ನಮ್ಮ ಪರಿಚಯ ಶುರುವಾಗಿದ್ದು ಜಗಳದಿಂದ. ನನ್ನ ಕೊಡ ಬಾವಿಗೆ ಬಿದ್ದಿತ್ತು. ಪಾತಾಳಗರಡಿ ಕೇಳಲು ಹೋದೆ. ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುವ ಆ ಕೊಕ್ಕೆಗಳ ಗೊಂಚಲು ಊರಿಗೆಲ್ಲ ಅವರ ಮನೆಯಲ್ಲಿ ಒಂದೇ ಇತ್ತು. ಸಾಬರು ಅದನ್ನು ಗೋಡೆಯಿಂದ ಇಳಿಸಿ, ಕೈಗೆ ಕೊಡದೆ, "ಒತ್ತೆಗೆ ಏನ್ ತಂದಿದೀರಾ?" ಎಂದರು.

"ಎದುರು ಮನೆಯವಳು ನಾನು. ನನ್ನ ಮೇಲೂ ನಂಬಿಕೆ ಇಲ್ವಾ?"

"ನಂಬ್ಕೆ ಬ್ಯಾರೆ, ಒತ್ತೆ ಬ್ಯಾರೆ ಟೀಚರಮ್ಮ. ಗರಡಿ ಸುಮ್ಕೆ ಮನೆ ಬುಟ್ಟು ಹೋಗಬಾರ್ದು. ಒಂದ್ ಚೊಂಬಾದ್ರೂ ಇಟ್ಟೋಗಿ. ಒತ್ತೆ ಇದ್ರೆ ಇಬ್ರಿಗೂ ವಾಪಸ್ ಬರೋ ದಾರಿ ಇರ್ತದೆ."

ಮೈಯೆಲ್ಲ ಉರಿದುಹೋಯಿತು. ಚೊಂಬು ತಂದು ಅವರ ಜಗುಲಿಯ ಮೇಲೆ ಕುಕ್ಕಿ ಬಂದೆ. ಸಂಜೆ ಗರಡಿ ವಾಪಸು ಕೊಟ್ಟಾಗ, ಹುಣಸೆಹಣ್ಣು ಹಚ್ಚಿ ಬೆಳಗಿದ ನನ್ನ ಚೊಂಬನ್ನು ಅವರ ಹೆಂಡತಿ ನಗುತ್ತಾ ಕೈಗಿಟ್ಟರು.

ಈಗ ಆ ಶನಿವಾರಕ್ಕೆ ಬರುತ್ತೇನೆ. ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಮೊದಲ ಸಿಟ್ಟು ನನ್ನ ಮೇಲೆಯೇ.

ಬೆಳಗಿನ ಶಾಲೆ ಮುಗಿಸಿ, ಏಳನೇ ಕ್ಲಾಸಿನ ಆರು ಹುಡುಗಿಯರನ್ನು ಗುಡ್ಡದ ಬುಡದ ಗವಿ ತೋರಿಸಲು ಕರೆದುಕೊಂಡು ಹೋದೆ. ಹೆಡ್‌ಮಾಸ್ತರರನ್ನು ಕೇಳಲಿಲ್ಲ. ದಾರಿಯಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜಿ, "ಮ್ಯಾಲೆ ಮಳೆ ಹುಯ್ತಾ ಐತೆ ಕಣವ್ವ, ಹೋಗ್ಬ್ಯಾಡ್ರಿ" ಎಂದಳು. ನಾನು ಓದಿದವಳಲ್ಲವೇ, ನಕ್ಕು ಮುಂದೆ ಹೋದೆ! ಬಂಡೆಗಳ ಅಡಿಯ ಗವಿ ಅದು. ಬಾಯಲ್ಲಿ ತಗ್ಗಿಗೆ ಇಳಿದು, ಎರಡು ಮಾರು ದೂರ ತೆವಳಿ, ಮತ್ತೆ ಮೇಲೆ ಹತ್ತಿದರೆ ಒಳಗೆ ಅಗಲವಾದ ಜಾಗ. ಅಲ್ಲಿ ಗವಿಯಮ್ಮನ ಕಲ್ಲಿದೆ. ದೇವರ ಜಾಗ ಎಂದು ಚಪ್ಪಲಿಗಳನ್ನು ಹೊರಗೇ ಬಿಟ್ಟೆವು.

ಹಾಡು ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಗುಡುಗಿದಂತೆ ಸದ್ದಾಯಿತು. ಗುಡ್ಡದ ನೀರೆಲ್ಲ ಒಂದೇ ಸಲ ಗವಿಯ ಮುಂದಿನ ಹಳ್ಳಕ್ಕೆ ಬಂದು ನುಗ್ಗಿತ್ತು. ನೋಡುತ್ತಿದ್ದಂತೆಯೇ ತೆವಳಿ ಬಂದ ದಾರಿ ನೀರಲ್ಲಿ ಮುಚ್ಚಿಹೋಯಿತು. ನಾವು ಹಚ್ಚಿಕೊಂಡು ಬಂದಿದ್ದ ದೀಪ ಆರಿತು. ಕತ್ತಲಲ್ಲಿ ಆರು ಮಕ್ಕಳು ನನ್ನ ಸೀರೆ ಹಿಡಿದು ಕಿರುಚುತ್ತಿದ್ದರು. ನೀರು ಪಾದಕ್ಕೆ ಬಂತು, ಆಮೇಲೆ ಮೊಣಕಾಲಿಗೆ. ನಾನೇ ಈ ಮಕ್ಕಳನ್ನು ಕೊಂದೆ ಎಂದುಕೊಂಡೆ.

ಹೊರಗೆ ನಡೆದದ್ದನ್ನು ಆಮೇಲೆ ನಮ್ಮ ಶಾಲೆಯ ಜವಾನ ಹೇಳಿದ. ಬಾವಿ ಸಾಬರು ಅವತ್ತು ಹಳ್ಳದ ಕೆಳಗಿನ ಒಂದು ತೋಟದಲ್ಲಿ ಹೂಳು ತೆಗೆಯುತ್ತಿದ್ದರಂತೆ. ಹಳ್ಳದಲ್ಲಿ ಚಪ್ಪಲಿಗಳು ತೇಲಿ ಬಂದವಂತೆ. ಅದರಲ್ಲಿ ಒಂದು ನನ್ನದು, ಹಿಮ್ಮಡಿಗೆ ಕೆಂಪು ತೇಪೆ ಹಾಕಿಸಿದ್ದು. ಅವರು ದಿನಾ ಎದುರು ಬಾಗಿಲಲ್ಲಿ ನೋಡುತ್ತಿದ್ದ ಚಪ್ಪಲಿ. "ಚಪ್ಲಿ ಬಂದ್ವು, ಕಾಲೆಲ್ಲಿ?" ಎನ್ನುತ್ತಾ ಹಗ್ಗ ಹೊತ್ತು ಹಳ್ಳದ ದಂಡೆಯಲ್ಲೇ ಓಡಿದರಂತೆ.

ಗವಿಯ ಮುಂದೆ ಆಗಲೇ ಆಡಿನ ಅಜ್ಜಿಯ ಕೂಗಿಗೆ ಸೇರಿದ ಜನ ಕೈ ಕಟ್ಟಿಕೊಂಡು ನಿಂತಿದ್ದರು. ಕೆರೆಯ ಏರಿ ನೋಡಲು ಬಂದಿದ್ದ ಸರ್ಕಾರಿ ಸಾಹೇಬರೊಬ್ಬರ ಜೀಪೂ ಬಂದಿತ್ತು. ಅವರ ಹೆಸರು ಬರೆದು ಈ ಕಾಗದ ಕೊಳೆ ಮಾಡುವುದಿಲ್ಲ. "ಯಾರೂ ಇಳೀಬಾರ್ದು! ತುಮಕೂರಿಗೆ ಹೋಗಿ ಜನ ಕಳಿಸ್ತೀನಿ. ಏನಾದ್ರೂ ಆದ್ರೆ ಜವಾಬ್ದಾರಿ ಯಾರು?" ಎಂದು ಕೂಗಾಡಿ ಜೀಪು ಹತ್ತಲು ಹೊರಟಿದ್ದರು. ಒಳಗೆ ಏಳು ಜೀವ, ಈ ಮಹಾನುಭಾವರಿಗೆ ಜವಾಬ್ದಾರಿಯ ಚಿಂತೆ!

ಮೋಡ ಕವಿದು ಹಗಲೇ ಕತ್ತಲಾಗಿತ್ತು. ಸಾಬರು ಜೀಪಿನ ಮುಂದೆ ನಿಂತರಂತೆ. "ಲೈಟು ಗವಿ ಕಡೆ ಹಾಕಿ, ಕೀಲಿ ಇಲ್ಲಿ ಕೊಡಿ ಸೋಮಿ."

"ಕೀಲಿ ಯಾಕೆ?"

"ನೀವ್ ಹೊಂಟೋದ್ರೆ ಬೆಳಕೂ ಹೊಂಟೋಯ್ತದೆ. ಬೆಳಕಿಲ್ದೆ ನಾನ್ ವಾಪಸ್ ಬರೋದ್ ಹೆಂಗೆ? ನಾನ್ ಬರೋಗಂಟ ಕೀಲಿ ಒತ್ತೆ."

ಸಾಹೇಬರು ಹಾರಾಡಿದರು, ಸಾಬರು ಹತ್ತಿಯಿಟ್ಟ ಕಿವಿ ತಿರುಗಿಸಿದರು. ಕೊನೆಗೆ ಡ್ರೈವರೇ ಸದ್ದಿಲ್ಲದೆ ಲೈಟು ಗವಿಯ ಕಡೆ ಹಾಕಿ, ಕೀಲಿ ಕಿತ್ತು ಸಾಬರ ಕೈಗೆ ಹಾಕಿದ. ಅವನ ಹೊಟ್ಟೆ ತಣ್ಣಗಿರಲಿ.

ಒಳಗೆ ನಮಗೆ ಮೊದಲು ಕಂಡದ್ದು ನೀರಿನ ಅಡಿಯಿಂದ ಬಂದ ಮಂಕು ಹಳದಿ ಬೆಳಕು. ಆಮೇಲೆ ಒಂದು ತಲೆ ಮೇಲೆದ್ದು ಬುಸ್ಸೆಂದು ಉಸಿರು ಬಿಟ್ಟಿತು. ಬಿಟ್ಟ ಉಸಿರಿಗೇ ಬೈಗುಳ.

"ಬುದ್ಧಿ ಐತಾ ಟೀಚರಮ್ಮ ನಿಮ್ಗೆ? ನೀವು ಮಕ್ಕಳ್ಗೆ ಬುದ್ಧಿ ಹೇಳೋರಾ?"

ಅಷ್ಟು ಚೆನ್ನಾದ ಬೈಗುಳ ನಾನು ಜನ್ಮದಲ್ಲಿ ಕೇಳಿಲ್ಲ. ಅಳು ಬಂತು.

ಹಗ್ಗದ ಒಂದು ತುದಿ ಹೊರಗೆ ಮರಕ್ಕೆ, ಇನ್ನೊಂದು ಅವರ ಸೊಂಟಕ್ಕೆ. ಒಂದು ಸಲಕ್ಕೆ ಒಬ್ಬರನ್ನೇ ಕರೆದೊಯ್ಯಬಹುದು ಎಂದರು. ಚಿಕ್ಕವಳನ್ನು ಎತ್ತಿಕೊಂಡಾಗ ಉಳಿದವರು "ಬಿಟ್ಟು ಹೋಗ್ಬೇಡಿ ಸಾಬ್ರೇ" ಎಂದು ಅವರ ತೋಳಿಗೆ ಜೋತುಬಿದ್ದರು. ಅವರು ಕೊರಳಿಗೆ ಕೈ ಹಾಕಿ ಕಪ್ಪು ದಾರದ ತಾಯತ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು.

"ನಮ್ಮಮ್ಮ ಕಟ್ಟಿದ್ದು ಇದು. ಇದನ್ ಬುಟ್ಟು ನಾನ್ ಎಲ್ಲೂ ಹೋಗಾಕಿಲ್ಲ. ಟೀಚರಮ್ಮನ ತಾವ ಒತ್ತೆ ಇಟ್ಟೀನಿ, ನೋಡ್ಕಂಡ್ರೇನ್ರವ್ವ? ಈಗ ಸುಮ್ಕಿರಿ."

ಮಕ್ಕಳು ಸುಮ್ಮನಾದರು. ಒತ್ತೆ ಎಂದರೆ ಏನೆಂದು ಆ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮೂಗು ಹಿಡ್ಕ, ಕಣ್ ಮುಚ್ಕ, ನನ್ ಕತ್ತು ಬುಡಬ್ಯಾಡ." ಹೋದರು, ಬಂದರು. ಮತ್ತೆ ಹೋದರು, ಮತ್ತೆ ಬಂದರು. ನಾಲ್ಕನೆಯ ಸಲ ಮೂಗಿನಿಂದ ರಕ್ತ ಬರುತ್ತಿತ್ತು. ಜೀಪಿನ ಬ್ಯಾಟರಿ ಇಳಿಯುತ್ತಾ ಬೆಳಕು ಕೆಂಪಗಾಯಿತು. ಆರನೆಯವಳನ್ನು ಕರೆದುಕೊಂಡು ಹೋದ ಮೇಲೆ ಬೆಳಕು ಪೂರ್ತಿ ಹೋಯಿತು. ನೀರು ನನ್ನ ಎದೆಗೆ ಬಂದಿತ್ತು. ಮುಷ್ಟಿಯಲ್ಲಿ ತಾಯತ ಹಿಡಿದು ಒಬ್ಬಳೇ ನಿಂತಿದ್ದೆ. ಅವರು ಬರುವುದಿಲ್ಲ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಬರೀ ಹಗ್ಗ ಹಿಡಿದು, ಕತ್ತಲಲ್ಲಿ ತಡಕಾಡುತ್ತಾ ಅವರು ಬಂದೇ ಬಂದರು.

ಹೊರಗೆ ಬಿದ್ದವಳು ಎಚ್ಚರ ತಪ್ಪಿದೆ. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದೆ, ತಾಯತ ಮುಷ್ಟಿಯಲ್ಲೇ ಇತ್ತು.

ಹದಿನೈದು ದಿನಕ್ಕೆ ಶಾಲೆಯಲ್ಲಿ ಸನ್ಮಾನ ಸಮಾರಂಭ. ಸನ್ಮಾನ ಯಾರಿಗೆ? ಸಾಹೇಬರಿಗೆ! ಸಮಯಪ್ರಜ್ಞೆಯಿಂದ ಜೀಪಿನ ಬೆಳಕು ಒದಗಿಸಿ ಮಕ್ಕಳ ಪ್ರಾಣ ಉಳಿಸಿದರಂತೆ. ಥೂ! ಅನುಮತಿಯಿಲ್ಲದೆ ಮಕ್ಕಳನ್ನು ಕರೆದೊಯ್ದದ್ದಕ್ಕೆ ನನ್ನ ಮೇಲೆ ನೋಟೀಸಾಗಿತ್ತು. ಹೆಡ್‌ಮಾಸ್ತರರು ಮೆಲ್ಲಗೆ, "ನೋಡಮ್ಮ, ಸಾಹೇಬ್ರು ಮನಸ್ಸು ಮಾಡಿದ್ರೆ ಆ ಕಾಗದ ಅಲ್ಲೇ ಮುಚ್ಚಿಹೋಗ್ತದೆ. ಅಭಿನಂದನಾ ಪತ್ರ ನೀನೇ ಓದ್ಬಿಡು" ಎಂದರು.

ಓದಿದೆ. ಈ ಬಾಯಿಂದಲೇ ಓದಿದೆ. ನನ್ನ ಸಂಬಳದಲ್ಲಿ ಅಪ್ಪ, ಅಮ್ಮ, ತಂಗಿ ಊಟ ಮಾಡುತ್ತಿದ್ದರು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ.

ಅರ್ಧ ಓದಿದಾಗ ತಲೆಯೆತ್ತಿ ನೋಡಿದೆ. ಹಿಂದೆ ಬೇವಿನ ಮರದ ಕೆಳಗೆ ಬಾವಿ ಸಾಬರು ನಿಂತಿದ್ದರು. ಯಾವುದೋ ಹುಡುಗಿಯ ಅಪ್ಪ ಕರೆತಂದಿದ್ದನಂತೆ. ನನ್ನ ಕಣ್ಣಿಗೆ ಅವರ ಕಣ್ಣು ಸಿಕ್ಕಿತು. ಅವರು ನಿಧಾನವಾಗಿ ಮುಖ ತಿರುಗಿಸಿ, ಹತ್ತಿಯಿಟ್ಟ ಕಿವಿಯನ್ನು ನನ್ನ ಕಡೆಗಿಟ್ಟು ನಿಂತರು. ಅದು ಸಿಟ್ಟೋ, ನನ್ನ ಮಾನ ಉಳಿಸಲು ಕೇಳಿಸಿಕೊಳ್ಳದೆ ಇದ್ದದ್ದೋ, ಇವತ್ತಿಗೂ ಗೊತ್ತಿಲ್ಲ.

ಅವತ್ತಿನಿಂದ ಹಿತ್ತಲ ಬಾಗಿಲಿಂದ ಓಡಾಡಿದೆ. ತಾಯತ ಟ್ರಂಕಿನಲ್ಲಿತ್ತು. ನಾಳೆ ಕೊಟ್ಟರಾಯಿತು, ಹಬ್ಬಕ್ಕೆ ಕೊಟ್ಟರಾಯಿತು ಎನ್ನುತ್ತಾ ಆರು ತಿಂಗಳು ಕಳೆದೆ. ಗುಬ್ಬಿಗೆ ವರ್ಗ ಕೇಳಿ ಪಡೆದು, ಹೇಳದೆ ಕೇಳದೆ ಹೊರಟುಬಿಟ್ಟೆ.

ಎಂಬತ್ತರ ದಶಕದ ನಡುವೆ, ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಹಳೆಯ ಜವಾನ ಸಿಕ್ಕಿ, "ಬಾವಿ ಸಾಬ್ರು ಜ್ವರ ಬಂದು ಹೋಗ್ಬಿಟ್ರು, ತಿಂಗಳಾಯ್ತು" ಎಂದ. ಮಾರನೆಯ ದಿನ ತಾಯತ ತೆಗೆದುಕೊಂಡು ಕುಣಿಗಲ್ಲಿಗೆ ಹೋದೆ.

ಅವರ ಹೆಂಡತಿ ಜಗುಲಿಯ ಮೇಲೆ ಕುಳಿತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಈಗ ತಂದ್ರಾ?" ಎಂದರು. "ಕೊರಳು ಬರಿದಾಗೈತಲ್ಲ, ಹೊಸದು ಕಟ್ಟಿಸ್ಕಳಿ ಅಂತ ನಾನ್ ಬಡ್ಕಂಡೆ. ಬ್ಯಾಡ, ಒತ್ತೆ ಇಟ್ಟೀನಿ, ಟೀಚರಮ್ಮ ಬತ್ತಾರೆ ಅನ್ನೋರು. ಕೊನೆ ದಿನಾನೂ ಅದೇ ಅಂದ್ರು. ಬಾಗ್ಲು ನೋಡ್ತಿದ್ರು."

ನಾನು ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ತಾಯತವನ್ನೂ ಮುಟ್ಟಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದು.

ತಾಯತ ಈಗಲೂ ನನ್ನ ಹತ್ತಿರವೇ ಇದೆ. ಸಾಹೇಬರ ಮೇಲೆ, ಹೆಡ್‌ಮಾಸ್ತರರ ಮೇಲೆ, ಕೈ ಕಟ್ಟಿ ನಿಂತಿದ್ದ ಜನರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೆ ಅವರಾರೂ ಸಾಬರ ಒತ್ತೆ ಹಿಡಿದವರಲ್ಲ, ಹಿಡಿದವಳು ನಾನು. ನನಗಾಗಿ ಆ ಮನುಷ್ಯ ಬೆಳಕಿಲ್ಲದ ನೀರಿನಲ್ಲಿ ಏಳನೆಯ ಸಲ ಮುಳುಗಿ ವಾಪಸು ಬಂದರು. ಅವರು ಇರುವ ತನಕ ನಾನು ಗುಬ್ಬಿಯಿಂದ ಕುಣಿಗಲ್ಲಿಗೆ ಒಂದು ಬಸ್ಸು ಹತ್ತಲಿಲ್ಲ.