ಮಾವನ ನಿದ್ದೆ ನೋಡಿ ಇಟ್ಟ ಮುಹೂರ್ತ

ಪೆರಾಬೆಯ ನಮ್ಮ ಮನೆಯಲ್ಲಿ ಗೋಡೆ ಗಡಿಯಾರಕ್ಕಿಂತ ಮಾವನ ನಿದ್ದೆಯ ಮೇಲೆ ಎಲ್ಲರಿಗೂ ಹೆಚ್ಚು ನಂಬಿಕೆ. ಗಡಿಯಾರ ಮಳೆಗಾಲದಲ್ಲಿ ನಿಂತುಬಿಡುತ್ತಿತ್ತು, ಮಾವನ ನಿದ್ದೆ ಯಾವ ಕಾಲದಲ್ಲೂ ನಿಂತದ್ದಿಲ್ಲ. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಅಪ್ಪ ಅಮ್ಮ ಇಬ್ಬರೂ ನಾನು ಸಣ್ಣವಳಿದ್ದಾಗಲೇ ಹೋದ ಮೇಲೆ ಅವರು ಮತ್ತು ಅತ್ತೆಯೇ ನನ್ನನ್ನು ಸಾಕಿದವರು. ಅರುವತ್ತರ ದಶಕದ ಸುರುವಿಗೆ ಅವರ ಬಲಗೈ ನಡುಗತೊಡಗಿತು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತೇಬಿಡುತ್ತಿತ್ತು. ಪುತ್ತೂರಿನ ಡಾಕ್ಟರು ಇದು ಕಂಪವಾತ, ಇಂಗ್ಲಿಷಿನಲ್ಲಿ ಪಾರ್ಕಿನ್ಸನ್ ಎಂದರು. ಯಾವುದೋ ದೊರೆಯ ಹೆಸರಿನ ಹಾಗೆ ಉಂಟಲ್ಲ ಎಂದು ಮಾವ ಬಸ್ಸಿನಲ್ಲಿ ಉದ್ದಕ್ಕೂ ಬೀಗಿದರು. ಬೀಗುತ್ತ ಬೀಗುತ್ತಲೇ ನಿದ್ದೆಹೋದರು, ನಾನು ಎಬ್ಬಿಸಿ ಮುಗಿಯುವಾಗ ಇಳಿಯುವ ಜಾಗ ದಾಟಿ ಹೋಗಿತ್ತು, ಕಡಬದಲ್ಲಿ ಇಳಿದೆವು.

ನಡುಕವನ್ನು ಮಾವ ಹೇಗೋ ಸಹಿಸಿಕೊಂಡರು. ಈ ಹಗಲು ನಿದ್ದೆಯೇ ಮಾನ ತೆಗೆದದ್ದು. ಬೆಳಗ್ಗೆ ಗಂಜಿ ಉಂಡು ಗುಳಿಗೆ ನುಂಗಿದ ಮೇಲೆ ಅದು ಹೇಳದೆ ಕೇಳದೆ ಬರುತ್ತಿತ್ತು. ಒಮ್ಮೆ ಕ್ಷೌರಕ್ಕೆ ಕೂತವರು ಅರ್ಧ ಗಡ್ಡ ಆಗುವಾಗ ನಿದ್ದೆಹೋದರು. ತಲೆ ತೂಗುತ್ತಿದ್ದ ಮನುಷ್ಯನ ಕೆನ್ನೆಗೆ ಕತ್ತಿ ಇಡುವ ಧೈರ್ಯವಿಲ್ಲದೆ ಕ್ಷೌರದವನು ಮೆಲ್ಲಗೆ ಪೆಟ್ಟಿಗೆ ಕಟ್ಟಿಕೊಂಡು ಹೋದ. ಆವತ್ತಿಡೀ ಮಾವ ಬಂದವರಿಗೆಲ್ಲ ಒಂದೇ ಕೆನ್ನೆ ತೋರಿಸಿ ಮಾತಾಡಿದರು.

ಹಗಲು ಮಲಗಿದರೆ ಮನೆಗೆ ದರಿದ್ರ ಎಂಬುದು ಅತ್ತೆಯ ನಂಬಿಕೆ. ಯಾರಾದರೂ ಬಂದರೆ ಅವರು ಜಪಕ್ಕೆ ಕೂತಿದ್ದಾರೆ ಎನ್ನುತ್ತಿದ್ದರು. ಜಪದಲ್ಲಿ ಗೊರಕೆ ಯಾಕೆ ಎಂದು ಯಾರೂ ಕೇಳಲಿಲ್ಲ, ಪುಣ್ಯ. ಡಾಕ್ಟರು ಮಾತ್ರ ಬೇರೆಯೇ ಹೇಳಿದ್ದರು. ಆ ನಿದ್ದೆಯೊಟ್ಟಿಗೆ ಜಗಳ ಬೇಡ, ಅದಕ್ಕೊಂದು ಹೊತ್ತು ಗೊತ್ತು ಮಾಡಿ ಕೊಟ್ಟುಬಿಡಿ ಎಂದು. ಆ ಕೆಲಸ ನನ್ನ ಪಾಲಿಗೆ ಬಂತು. ಎಳೆ ಬಿಸಿಲಿಗೆ ಅಂಗಳದಲ್ಲಿ ನಡೆಸುವುದು, ಕಾಲು ಅಂಟಿದರೆ ಚಪ್ಪಾಳೆ ತಟ್ಟಿ ತಾಳ ಕೊಡುವುದು. ಹತ್ತು ಗಂಟೆಗೆ ಜಗಲಿಯ ಚಾಪೆಯಲ್ಲಿ ಸಣ್ಣದೊಂದು ನಿದ್ದೆ, ಊಟದ ಮೇಲೆ ಇನ್ನೊಂದು. ಎರಡೂ ಲಂಬಿಸದ ಹಾಗೆ ಕಣ್ಣ ಚಾ ಹಿಡಿದು ಎಬ್ಬಿಸುವುದು. ಹಾಲಿಲ್ಲದ ಆ ಕಪ್ಪು ಚಾಕ್ಕೆ ಮಾವ ನನಗೆ ಕೊಟ್ಟ ಬೈಗುಳ ಒಂದೆರಡಲ್ಲ. ಆದರೆ ಹೀಗೆ ಮಾಡಿದ ಮೇಲೆ ಉಳಿದ ಹೊತ್ತು ಅವರು ಮೊದಲಿನ ಮಾವನೇ ಆಗಿರುತ್ತಿದ್ದರು.

ಇಷ್ಟರಲ್ಲಿ ನನ್ನ ಮದುವೆಯ ಮಾತು ಎದ್ದಿತು. ನಮ್ಮಲ್ಲಿ ಮಾತು ಗಟ್ಟಿಯಾಗಬೇಕಾದರೆ ಹೆಣ್ಣಿನ ಮನೆಯ ಹಿರಿಯರು ವೀಳ್ಯದ ಹರಿವಾಣವನ್ನು ತಮ್ಮ ಕೈಯಾರೆ ಗಂಡಿನ ಕಡೆಗೆ ದಾಟಿಸಬೇಕು. ಹಿರಿಯರು ಎಚ್ಚರ ಇರಬೇಕು ಎಂದು ಯಾರೂ ಬೇರೆ ಹೇಳಿರಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತು!

ಮದುವೆ ದಲ್ಲಾಳಿಯೊಟ್ಟಿಗೆ ಮೊದಲು ಬಂದವರು ಗುಂಡ್ಯದ ಕಡೆಯವರು. ಸರಿಯಾಗಿ ಹತ್ತು ಗಂಟೆಗೇ ಬಂದು ಕೂತರು. ಹುಡುಗನ ಅಪ್ಪ ತನ್ನ ತೋಟ, ಜೀಪು, ಜೀಪಿನ ಹಾರ್ನು ಎಲ್ಲವನ್ನೂ ಹೊಗಳುತ್ತ ಹೋದರು. ಮಾವನ ತಲೆ ಕೆಳಗೆ ಬಂತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಒಪ್ಪಿಗೆ ಸಿಕ್ಕಿತೆಂದು ಆ ಮನುಷ್ಯ ಹರಿವಾಣಕ್ಕೆ ತಾನೇ ಕೈ ಹಾಕಿದರು. ಬಾಗಿಲ ಹಿಂದೆ ನಿಂತಿದ್ದ ನಾನು ಕಣ್ಣು ಮುಚ್ಚಿ ದೇವರನ್ನು ಕರೆದೆ. ಅಷ್ಟರಲ್ಲಿ ಬಂತು ನೋಡಿ, ದೇವರೇ ಕಳಿಸಿದಂಥ ಗೊರಕೆ. ಹುಡುಗನ ಅಪ್ಪ ಮಾವನ ಕಿವಿಯ ಹತ್ತಿರ ಪಟಾರನೆ ಚಪ್ಪಾಳೆ ತಟ್ಟಿ, "ಇವರ ಹತ್ರ ಎಂತ ಮಾತಾಡುದು ಮಾರಾಯ್ರೆ" ಎಂದು ದಲ್ಲಾಳಿಯ ಮುಖ ನೋಡಿ ನಕ್ಕರು. ಮಾವ ಕಣ್ಣು ಬಿಟ್ಟರು. ನಡುಗುವ ಕೈಯಲ್ಲಿ ಹರಿವಾಣವನ್ನು ತನ್ನ ಕಡೆಗೆ ಎಳೆದುಕೊಂಡರು.

ನನಗೆ ಕುಣಿಯುವಷ್ಟು ಖುಷಿ. ಯಾಕೆಂದರೆ ನನ್ನ ಮನಸ್ಸು ಆಗಲೇ ಕೊಯಿಲದ ದನಗಳ ಫಾರ್ಮಿಗೆ ಹೋಗಿ ಕೂತಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗ ನಮ್ಮ ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ಮದ್ದು ಕುಡಿಸಲು ಬಂದಿದ್ದ. ದನದ ಹತ್ತಿರ ಅಷ್ಟು ಮರ್ಯಾದೆಯಿಂದ ಮಾತಾಡುವ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ಗುಂಡ್ಯದವರು ಸುಮ್ಮನಿರಲಿಲ್ಲ. ಹಿರಿಯನಿಗೆ ಮಂಪರು, ಆ ಮನೆಯ ಹೆಣ್ಣು ಬೇಡ ಎಂದು ಸುಳ್ಯದವರೆಗೂ ಸುದ್ದಿ ಹಬ್ಬಿಸಿದರು. ಅತ್ತೆ ಅತ್ತರು. ಮಾವ ಹಠ ಹಿಡಿದು ಹಗಲು ಮಲಗುವುದನ್ನೇ ಬಿಟ್ಟರು. ಕಣ್ಣಿಗೆ ನೀರು ಹಾಕಿಕೊಳ್ಳುವುದು, ಹಸಿಮೆಣಸು ಜಗಿಯುವುದು. ನಾಲ್ಕನೆಯ ದಿನ ಸುಸ್ತಾಗಿ ಬಾವಿಕಟ್ಟೆಯ ಹತ್ತಿರ ಬಿದ್ದರು. "ನನ್ನಿಂದಾಗಿ ನಿನಗೆ ಹೀಗಾಯ್ತಲ್ಲ ಮಗಾ" ಎಂದಾಗ ನನಗೆ ದುಃಖವೂ ಸಿಟ್ಟೂ ಒಟ್ಟಿಗೇ ಬಂತು. ಕೈ ಹಿಡಿದು ಎಳೆದುತಂದು ಚಾಪೆಯಲ್ಲಿ ಮಲಗಿಸಿದೆ.

ಕೊಯಿಲದ ಆ ಹುಡುಗನ ಮನೆಯಿಂದ ಹೆಣ್ಣು ಕೇಳಿ ಮಾತು ಬಂದಾಗ ನಾನೇ ದಲ್ಲಾಳಿಗೆ ಹೇಳಿ ಕಳಿಸಿದೆ: ಬರುವುದಾದರೆ ಎಂಟಕ್ಕೆ ಬನ್ನಿ, ಆಗ ಮಾವ ಹುಲಿ. ಎಂಟಾಯಿತು, ಒಂಬತ್ತಾಯಿತು, ಪತ್ತೆಯಿಲ್ಲ. ಹುಡುಗ, ಅವನ ಅಪ್ಪ, ಅಮ್ಮ ಬೆವರು ಒರೆಸುತ್ತ ಮೆಟ್ಟಿಲು ಹತ್ತುವಾಗ ಒಳಗೆ ಗಡಿಯಾರ ಹತ್ತು ಹೊಡೆಯಿತು. ಫಾರ್ಮಿನಲ್ಲಿ ಹಸುವೊಂದಕ್ಕೆ ಕಷ್ಟದ ಹೆರಿಗೆಯಂತೆ, ಹುಡುಗ ಕಣ್ಣು ಮುಚ್ಚದೆ ಬೆಳಗು ಮಾಡಿದ್ದನಂತೆ. ಮಾವ ಕೈ ಮುಗಿದು ಬನ್ನಿ ಎಂದರು, ಕೂರಿ ಎಂದರು, ಅಷ್ಟೇ. ಕೂತಲ್ಲೇ ನಿದ್ದೆಹೋದರು.

ಅತ್ತೆ ಜಪದ ಕತೆ ಸುರು ಮಾಡಿದರು. ಹುಡುಗನ ಅಮ್ಮ ಮಾತ್ರ ಎದ್ದು, ಮಾವನ ತಲೆ ಕಂಬಕ್ಕೆ ತಾಗದ ಹಾಗೆ ತನ್ನ ಗಂಡನ ಶಾಲನ್ನು ಮಡಚಿ ಇಟ್ಟು, ಏಳುವವರೆಗೆ ನಮಗೇನೂ ಅವಸರವಿಲ್ಲ ಎಂದರು. ಹೆಂಗಸರು ಹಿತ್ತಿಲು ನೋಡಲು ಹೋದರು, ಹುಡುಗನ ಅಪ್ಪ ದನದ ಹಟ್ಟಿಗೆ ಹೋದರು. ನಾನು ಕಣ್ಣ ಚಾ ಹಿಡಿದು ಜಗಲಿಗೆ ಬರುತ್ತೇನೆ, ಅಯ್ಯೋ ದೇವರೇ, ಅಲ್ಲಿ ಒಂದಲ್ಲ, ಎರಡು ಗೊರಕೆ! ನನ್ನನ್ನು ನೋಡಲು ಬಂದ ಹುಡುಗ ಮಾವನ ಚಾಪೆಯ ತುದಿಯಲ್ಲಿ ಮಗುವಿನ ಹಾಗೆ ಮುದುಡಿ ಮಲಗಿದ್ದ. ನಗು ತಡೆಯಲಾರದೆ ನನ್ನ ಕೈಯೂ ನಡುಗಿ ಲೋಟ ಗಡಗಡ ಅಂದಿತು.

ಸದ್ದಿಗೆ ಎದ್ದದ್ದು ಮಾವ. ಪಕ್ಕ ನೋಡಿದರು. ನನ್ನ ಮುಖ ನೋಡಿದರು. ಅದರಲ್ಲಿ ಏನು ಕಂಡಿತೋ, ಎಲ್ಲರನ್ನೂ ಕರೆ ಎಂದು ಸನ್ನೆ ಮಾಡಿದರು. ಹುಡುಗನ ಅಪ್ಪ ನಾಚಿಕೆಯಿಂದ ಮಗನನ್ನು ತಟ್ಟಿ ಎಬ್ಬಿಸಲು ಬಗ್ಗಿದಾಗ ಮಾವ ತಡೆದರು. "ಏಳಿಸುದು ಬೇಡ. ದನಕ್ಕಾಗಿ ನಿದ್ದೆ ಬಿಟ್ಟವ ಅಲ್ವಾ" ಎಂದು ಹರಿವಾಣ ಎತ್ತಿಕೊಂಡರು. ಕೈ ನಡುಗಿ ಅಡಿಕೆ ಉರುಳಿ ಚಾಪೆಯುದ್ದ ಓಡಿತು. ಬೀಗರು ಬಗ್ಗಿ ಹೆಕ್ಕಿಕೊಂಡರು. ಮಲಗಿದ್ದ ಮದುಮಗನ ಮೇಲಿಂದಲೇ ವೀಳ್ಯ ದಾಟಿತು. ಎದ್ದಾಗ ತನ್ನ ಮದುವೆ ಗಟ್ಟಿಯಾದದ್ದು ಕೇಳಿ ಅವನು ಬಾಯಿ ಬಿಟ್ಟ.

ಜೋಯಿಸರು ಮೊದಲು ಹತ್ತೂವರೆಗೆ ಮುಹೂರ್ತ ಇಟ್ಟಿದ್ದರು. ಬೀಗಿತ್ತಿಯೇ ಆಗಲಿಕ್ಕಿಲ್ಲ ಎಂದು ಹೇಳಿ ಅದನ್ನು ಎಂಟೂಕಾಲಿಗೆ ತರಿಸಿದರು. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ತರುವುದು ಸೋದರಮಾವನ ಹಕ್ಕು. ಹೊಸ್ತಿಲಲ್ಲಿ ಮಾವನ ಕಾಲು ಅಂಟಿತು. ಅಷ್ಟು ಜನರ ಮುಂದೆ ಮದುಮಗಳು ಚಪ್ಪಾಳೆ ತಟ್ಟುವುದು ಹೇಗೆ? ಬೆರಳಿನಿಂದ ಅವರ ಅಂಗೈಗೆ ಮೆಲ್ಲಗೆ ತಾಳ ಹಾಕಿದೆ. ಇನ್ನು ನಾಳೆಯಿಂದ ಈ ತಾಳ ಯಾರು ಹಾಕುತ್ತಾರೆ ಎಂದು ನೆನೆದು ನನಗೆ ಅಳು ಒತ್ತಿ ಬಂತು, ನಾನೇ ನಿಂತುಬಿಟ್ಟೆ. ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನನಗೆ ಎಚ್ಚರ ಉಂಟು ಮಗಾ. ನೀನು ನಡೆ."