ಗೇಮ್ ಲೋಡ್ ಆಗುವಷ್ಟರಲ್ಲಿ

ಕಳೆದ ಭಾನುವಾರ ನನ್ನ ಹೆಂಡತಿ ನನ್ನನ್ನು ‘ಅಣ್ಣಾ’ ಎಂದು ಕರೆದಳು.

ಫೋನಿನಲ್ಲಿ. ತುಂಬ ಅಕ್ಕರೆಯಿಂದ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಹತ್ತಿರ ಅವಳು ಅಷ್ಟು ನಯವಾಗಿ ಮಾತಾಡಿದ್ದು ನೆನಪಿಲ್ಲ. ಗಾಬರಿಯಾಗಬೇಡಿ, ಸಂಸಾರ ನೆಟ್ಟಗಿದೆ. ಆದರೆ ಕಥೆ ಶುರುವಾಗುವುದು ಫೋನಿನಿಂದಲ್ಲ, ಕಂಪ್ಯೂಟರಿನಿಂದ.

ಚಾಮರಾಜನಗರದ ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಪ್ರಶ್ನೆಪತ್ರಿಕೆ ಟೈಪ್ ಮಾಡಲೆಂದು ತಂದದ್ದು. (ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ‘ವಿಡಿಯೋ ಗೇಮ್ ಆಡಿ ಹಾಳಾಗಬೇಡಿ’ ಎಂದು ಪ್ರಾರ್ಥನೆ ಮುಗಿದ ಮೇಲೆ ಮೈಕ್ ಹಿಡಿದು ಹೇಳುವವನೂ ನಾನೇ.) ಅದಕ್ಕೆ ಯಾರೋ ಕೊಟ್ಟ ಸೀಡಿಯಿಂದ ಒಂದು ಕಾರ್ ರೇಸ್ ಗೇಮ್ ಹಾಕಿದೆ. ಅಲ್ಲಿಗೆ ನಾನು ಹಾಳಾದೆ.

ಸರಿಯಾಗಿ ಹಾಳಾಗುವುದಕ್ಕೂ ಆ ಕಂಪ್ಯೂಟರ್ ಬಿಡುವುದಿಲ್ಲ ಎನ್ನುವುದೇ ನನ್ನ ದುಃಖ. ಗೇಮ್ ಒತ್ತಿದರೆ ಪರದೆ ಕಪ್ಪಗಾಗುತ್ತದೆ. ಒಂದು ನೀಲಿ ಪಟ್ಟಿ ತೆವಳಲು ಶುರು ಮಾಡುತ್ತದೆ. ಕಾದು ಕಾದು ಕಾರು ಹೊರಟರೆ ಮೊದಲ ತಿರುವಿನಲ್ಲೇ ಚಿತ್ರ ನಿಂತುಬಿಡುತ್ತದೆ. ಮತ್ತೆ ಅಲುಗಾಡುವ ಹೊತ್ತಿಗೆ ನನ್ನ ಕಾರು ಗೋಡೆಯೊಳಗೆ ಇರುತ್ತದೆ. ಜಿಲ್ಲೆಯಲ್ಲಿ ಖಾಲಿ ರಸ್ತೆಯಲ್ಲಿ ದಿನಾ ಆಕ್ಸಿಡೆಂಟ್ ಮಾಡಿಕೊಳ್ಳುವವನು ನಾನೊಬ್ಬನೇ ಇರಬೇಕು.

ಆದ್ದರಿಂದ ಹೊಸದು ಬೇಕೇ ಬೇಕು. ಅದೂ ರೆಡಿಮೇಡ್ ಅಲ್ಲ. ಒಂದೊಂದೇ ಭಾಗ ಆರಿಸಿ ಜೋಡಿಸಿದ್ದು. ಗ್ರಾಫಿಕ್ಸ್ ಕಾರ್ಡ್ ದಪ್ಪಗಿರಬೇಕು. ಪಕ್ಕದಲ್ಲಿ ನೀಲಿ ದೀಪ ಉರಿಯಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಹಳೇ ವಿದ್ಯಾರ್ಥಿ ಕುಮಾರನನ್ನು ಕೇಳಿದೆ.

‘ಈಗ್ಲೇ ತಗೊಂಡ್ಬುಡಿ ಸಾರ್’ ಅಂದ.

ಟೀ ಕುಡಿಯುತ್ತ ಅವನೇ, ‘ಮುಂದಿನ ತಿಂಗ್ಳು ಇನ್ನೂ ಜೋರಾಗಿರೋ ಕಾರ್ಡ್ ಬತ್ತದೆ ಸಾರ್’ ಅಂದ.

ಈಗ ಕೊಂಡರೆ ಮುಂದಿನ ತಿಂಗಳು ಅದು ಹಳತು. ಮುಂದಿನ ತಿಂಗಳು ಕೊಂಡರೆ ಅದರ ಮುಂದಿನ ತಿಂಗಳು ಹಳತು. ಹೀಗೆ ನೋಡುತ್ತ ಹೋದರೆ ಕಂಪ್ಯೂಟರ್ ಕೊಳ್ಳಲು ಸರಿಯಾದ ಕಾಲ ಸತ್ತ ಮೇಲೆಯೇ ಅಲ್ಲವೇ?

ಈಗಲೋ ಆಮೇಲೋ ಎಂಬ ಪ್ರಶ್ನೆ ಎದ್ದಾಗ ನಮ್ಮ ಮನೆತನಕ್ಕೆ ಒಬ್ಬರೇ ಸುಪ್ರೀಂ ಕೋರ್ಟು: ಗುಂಡ್ಲುಪೇಟೆಯ ಪುಟ್ಟಸ್ವಾಮಿ ಭಾವ. ನನ್ನ ಅಕ್ಕನ ಗಂಡ. ಈರುಳ್ಳಿ ಮಂಡಿ ಇಟ್ಟವರು. ಇವತ್ತು ಮಾರಬೇಕೋ ಇನ್ನೊಂದು ವಾರ ಇಟ್ಟುಕೊಳ್ಳಬೇಕೋ ಎಂದು ಈರುಳ್ಳಿ ಮೂಸಿ ಹೇಳುವವರು. ಅಕ್ಕನ ಬಳೆ, ಚಿಕ್ಕಪ್ಪನ ಸೈಟು, ಕೊನೆಗೆ ನನ್ನ ಮದುವೆ, ಎಲ್ಲ ಅವರು ‘ಹೂಂ’ ಅಂದ ಮೇಲೆಯೇ ಆದದ್ದು.

ಹೋಗಿ ಕೇಳಿದೆ. ‘ಒಸಿ ತಡ್ಕೊ ಕಣ್ಲಾ ಮೇಷ್ಟ್ರೇ, ರೇಟು ಬೀಳ್ತದೆ’ ಅಂದರು. ಕಂಪ್ಯೂಟರನ್ನು ಅವರು ಮೂಸಿ ಕೂಡ ನೋಡಿರಲಿಲ್ಲ. ಆದರೂ ನಂಬಿದೆ. ಸ್ವಲ್ಪ ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ‘ಒಸಿ ತಡ್ಕೊ’. ಅವರಿಗೇನು, ಗೋಡೆಗೆ ಗುದ್ದುತ್ತಿದ್ದುದು ನನ್ನ ಕಾರು.

ಕಳೆದ ಭಾನುವಾರ ಕೊನೇ ಸಲ ಕೇಳಿಬಿಡೋಣ ಎಂದು ಬಸ್ಸು ಹತ್ತಿದೆ. ಭಾವ ಏನೇ ಅನ್ನಲಿ, ವಾಪಸ್ ಬರುವಾಗ ಕುಮಾರನಿಗೆ ಅಡ್ವಾನ್ಸ್ ಕೊಟ್ಟೇ ಮನೆಗೆ ಹೋಗುವುದು ಎಂದು ನಿರ್ಧರಿಸಿದ್ದೆ. (ಹಾಗಾದರೆ ಕೇಳುವುದೇಕೆ ಎನ್ನುತ್ತೀರಾ? ಕೇಳದಿದ್ದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆ.)

ಮಂಡಿಯ ಮುಂದೆ ಕೇರಳದ ಲಾರಿ ನಿಂತಿತ್ತು. ನಮ್ಮ ಭಾವ ಈಗಲೂ ಹಳೇ ಪದ್ಧತಿಯವರು. ದೊಡ್ಡ ವ್ಯಾಪಾರವಾದರೆ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಒತ್ತಿ ಹೇಳುವುದು, ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ. ಮೇಲೆ ಇಬ್ಬರದೂ ದೇವರಂಥ ಮುಖ. ಕೆಳಗೆ ಕಿತ್ತಾಟ. ನಾನು ಹೋದಾಗ ಕೇರಳದ ಸಾಹುಕಾರರೊಬ್ಬರ ಜೊತೆ ಅದೇ ನಡೆದಿತ್ತು.

ಆಗಲೇ ಮೇಜಿನ ಮೇಲಿದ್ದ ಭಾವನ ಮೊಬೈಲ್ ಹೊಡೆದುಕೊಂಡಿತು. ಅವರ ಒಂದು ಕೈ ಟವೆಲ್ಲಿನ ಒಳಗೆ, ಇನ್ನೊಂದು ಕೈ ಟವೆಲ್ ಜಾರದಂತೆ ಹಿಡಿದುಕೊಂಡಿದೆ.

‘ಯಾರು ಒಸಿ ನೋಡ್ಲಾ’ ಅಂದರು.

ಎತ್ತಿದೆ. ಹಲೋ ಅನ್ನುವುದಕ್ಕೂ ಬಿಡದೆ ಆ ಕಡೆಯಿಂದ ನನ್ನ ಹೆಂಡತಿ ಮಂಜುಳ: ‘ಅಣ್ಣಾ, ನಮ್ಮವ್ರು ಅಲ್ಲಿಗೇ ಬತ್ತಾವ್ರೆ. ಇವತ್ತೂ ತಡ್ಕೊ ಅಂತಲೇ ಅಂದ್ಬುಡಿ ಅಣ್ಣಾ. ಅವರೆಕಾಯಿ ಕಾಲ ಮುಗಿಯೋಗಂಟ ಸಾಕು.’

ಇಂಥ ಹೊತ್ತಿನಲ್ಲಿ ನೀವಾದರೆ ಏನು ಮಾಡುತ್ತಿದ್ದಿರಿ? ನಾನು ಭಾವನ ಗಂಟಲಿನಲ್ಲಿ ‘ಹೂಂ’ ಅಂದೆ.

‘ನಿಮ್ಮಿಂದ ಉಪಕಾರ ಆಯ್ತು ಅಣ್ಣಾ’ ಎಂದು ಇಟ್ಟಳು.

‘ಯಾರ್ಲಾ?’ ಅಂದರು ಭಾವ. ‘ರಾಂಗ್ ನಂಬರ್’ ಅಂದೆ.

ವ್ಯಾಪಾರ ಮುಗಿಯಿತು. ಭಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ನನ್ನನ್ನು ಕೂರಿಸಿಕೊಂಡು, ಒಂದು ಈರುಳ್ಳಿಯನ್ನು ಕೈಯಲ್ಲಿ ತಿರುಗಿಸುತ್ತ, ಬಹಳ ಗಂಭೀರವಾಗಿ ಹೇಳಿದರು: ‘ನೋಡ್ಲಾ, ನಾನು ಎಲ್ಲಾ ಇಚಾರ ಮಾಡಿವ್ನಿ. ಇನ್ನೊಸಿ ತಡ್ಕೊ. ಸಂಕ್ರಾಂತಿ ಕಳೀಲಿ.’

ನನ್ನ ಕಂಪ್ಯೂಟರಿನ ವ್ಯಾಪಾರ ಟವೆಲ್ ಕೆಳಗೆ ಯಾವತ್ತೋ ಕುದುರಿಹೋಗಿತ್ತು.

ಬಸ್ಸಿನಲ್ಲಿ ಕೋಪ ಬಂತು. ನಿಜವಾದ ಕೋಪ. ನನ್ನ ದುಡಿಮೆ, ನನ್ನ ಆಸೆ, ಅದಕ್ಕೆ ಅಡ್ಡಗಾಲು ಹಾಕಲು ಇವರಿಬ್ಬರೂ ಯಾರು? ಅದಿರಲಿ, ಗ್ರಾಫಿಕ್ಸ್ ಕಾರ್ಡಿಗೂ ಅವರೆಕಾಯಿಗೂ ಏನು ಸಂಬಂಧ? ವಿಜ್ಞಾನದ ಮೇಷ್ಟ್ರಾದರೂ ಹೊಳೆಯಲಿಲ್ಲ. ಕುಮಾರನ ಅಂಗಡಿ ತೆರೆದೇ ಇತ್ತು. ಮೊದಲು ಮನೆಯಲ್ಲಿ ಇತ್ಯರ್ಥವಾಗಲಿ ಎಂದು ನೆಟ್ಟಗೆ ಮನೆಗೆ ಹೋದೆ.

ಜಗಲಿಯಲ್ಲಿ ಹರದನಹಳ್ಳಿಯಿಂದ ನಮ್ಮತ್ತೆ ಕಳಿಸಿದ ಅವರೆಕಾಯಿ ಚೀಲ. ಪಕ್ಕದಲ್ಲಿ ನೆನೆಹಾಕಿದ ಕಾಳು. ಮಂಜುಳ ಒಂದೊಂದೇ ಕಾಳನ್ನು ಹಿತುಕಿ, ಸಿಪ್ಪೆ ಬಿಟ್ಟು ಬೇಳೆಯನ್ನು ಬೋಗುಣಿಗೆ ಚಿಮ್ಮಿಸುತ್ತಿದ್ದಳು.

‘ಏನಂದ್ರು ಅಣ್ಣ?’ ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

‘ನಿಮ್ಮಿಂದ ಉಪಕಾರ ಆಯ್ತು ಅಣ್ಣಾ’ ಎಂದೆ, ಅವಳದೇ ರಾಗದಲ್ಲಿ.

ಹಿತುಕಿದ ಬೇಳೆ ಬೋಗುಣಿ ತಪ್ಪಿ ನನ್ನ ಕನ್ನಡಕಕ್ಕೆ ಬಡಿಯಿತು.

ನಾಚಿಕೊಳ್ಳುತ್ತಾಳೆ ಅಂದುಕೊಂಡೆ. ಎಲ್ಲಿ ಬಂತು? ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ಮುಗಿಸಿ ನನ್ನ ಮೇಲೇ ತಿರುಗಿಬಿದ್ದಳು.

‘ಹೂಂ, ನಾನೇ ಹೇಳ್ದೆ. ಏನೀಗ? ಆ ಕಂಪ್ಯೂಟ್ರು ಗರ ಬಡದಂಗೆ ನಿಂತ್ಕತ್ತದಲ್ಲ, ಆಗ ತಾನೆ ನೀವು ಎದ್ದು ಬಂದು ಇಲ್ಲಿ ಕೂರೋದು? ಕಾಳು ಹಿತುಕ್ತೀರಿ. ಸ್ಕೂಲ್ ಸುದ್ದಿ ಹೇಳ್ತೀರಿ. ಹೆಡ್‌ಮೇಷ್ಟ್ರನ್ನ ಅಣಕಿಸ್ತೀರಿ. ಅದು ಜೋರಾಗಿ ಓಡಿದ್ರೆ ನೀವು ಆ ರೂಮಿಂದ ಈಚೆಗೆ ಬತ್ತೀರಾ? ನಿಮ್ ಬೆನ್ನು ನೋಡ್ಕಂಡು ಕೂತಿರ್ಬೇಕಾ ನಾನು?’

ಸುಳ್ಳಾಗಿದ್ದರೆ ತಾನೇ ವಾದ ಮಾಡುವುದು? ನೀಲಿ ಪಟ್ಟಿಯನ್ನು ತೆವಳಲು ಬಿಟ್ಟು ನಾನು ಜಗಲಿಗೆ ಬಂದು ಕೂರುವುದು ನಿಜ. ಮಾತಿನಲ್ಲಿ ಮುಳುಗಿ, ಗೇಮ್ ಹಾಕಿ ಬಂದದ್ದನ್ನೇ ಎಷ್ಟೋ ಸಂಜೆ ಮರೆತದ್ದೂ ನಿಜ. ಅವಳ ಮೇಲೆ ತುಂಬ ಪ್ರೀತಿ ಬಂತು. (ಸ್ವಲ್ಪ ಹೊತ್ತು. ಆಮೇಲೆ ನೀಲಿ ದೀಪ ನೆನಪಾಯಿತು.)

‘ಸರಿ, ಅವರೆ ಮುಗಿದ ಮೇಲೆ ತರಬಹುದು ತಾನೆ?’

‘ಅವರೆ ಆದ್ಮೇಲೆ ಹುಣಸೆಹಣ್ಣು ಬತ್ತದಲ್ಲ, ಬೀಜ ತಗಿಯೋರು ಯಾರು? ಅದಾದ್ಮೇಲೆ ಹಲಸಿನಹಣ್ಣು...’

ನಾನು ಒಂದು ಹಿಡಿ ಕಾಳು ಎಳೆದುಕೊಂಡು ಕೂತೆ.

ನಿನ್ನೆ ಕುಮಾರ ಫೋನ್ ಮಾಡಿದ್ದ. ‘ಹೊಸ ಕಾರ್ಡ್ ಬಂದದೆ ಸಾರ್, ಜೋಡಿಸ್ಬುಡ್ಲಾ? ಕಣ್ಣು ಮುಚ್ಚಿ ಬುಡೋದ್ರೊಳ್ಗೆ ಗೇಮು ಲೋಡಾಯ್ತದೆ.’

‘ಒಸಿ ತಡ್ಕೊ ಕಣಪ್ಪ’ ಅಂದೆ.

ಕಣ್ಣು ಮುಚ್ಚಿ ಬಿಡುವುದರೊಳಗೆ ಎಷ್ಟು ಅವರೆಕಾಳು ಹಿತುಕಲು ಸಾಧ್ಯ, ನೀವೇ ಹೇಳಿ?