ಚೀಟಿ ಅಂಟಿಸುವ ಮ್ಯಾಮ್

ಇಲೊಯಿಲೊದ ನಮ್ಮ ಹೈಸ್ಕೂಲ್ ಲೈಬ್ರರಿಯ ಫ್ಲೋರ್ಡೆಲಿ ಮ್ಯಾಮ್ ಇದ್ದಾರಲ್ಲ, ಅವರಂಥವರು ಇಡೀ ಫಿಲಿಪೀನ್ಸ್‌ನಲ್ಲೇ ಇಲ್ಲ, ಬೇಕಾದರೆ ಪಂದ್ಯ! ಚಿತ್ರಕಾದಂಬರಿ ಓದಿಸುವಾಗ ಪಾತ್ರಗಳ ಮಾತಿನ ಗುಳ್ಳೆಗಳ ಮೇಲೆಲ್ಲ ಹಳದಿ ಚೀಟಿ ಅಂಟಿಸಿ, "ಮೊದ್ಲು ಮುಖ ಓದ್ರೋ, ಮಾತು ಎಲ್ಲಿಗೂ ಓಡಿಹೋಗಲ್ಲ" ಅಂತಾರೆ. ಹುಬ್ಬಿನ ಒಂದು ಗೆರೆಗೆ ಅರ್ಧ ಪೀರಿಯಡ್! ಮೊಡವೆ ಕಂಡರಂತೂ ಗಂಟೆ ಹೊಡೆದರೂ ಬಿಡಲ್ಲ. ಅವರ ತೋಳಿಗೆ, ಕನ್ನಡಕಕ್ಕೆ, ಒಮ್ಮೆ ಪ್ರಿನ್ಸಿಪಾಲರ ಬೆನ್ನಿಗೂ ಚೀಟಿ ಅಂಟಿತ್ತು. ಅದರಲ್ಲಿ 'ಇವನು ಒಳಗೊಳಗೇ ಅಳ್ತಿದ್ದಾನೆ' ಅಂತ ಬರೆದಿತ್ತು. ಈ ವಾರದ ಪುಟದಲ್ಲಿ, ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿರುವ ಅಮ್ಮ ಹದಿನಾಲ್ಕರ ಮಗಳಿಗೆ ಫೋನ್ ಮಾಡುತ್ತಾಳೆ. "ಮಗಳು ಏನಂತಾಳೆ?" ಅಂತ ಮ್ಯಾಮ್ ಕೇಳಿದರು. "ಚಾಕ್ಲೇಟ್ ಕಳ್ಸು ಅಂತಾಳೆ!" ಅಂದ ಹಿಂದಿನ ಬೆಂಚಿನವನೊಬ್ಬ. "ನಿನ್ ಹೊಟ್ಟೇನೇ ಮಾತಾಡೋದು, ಸುಮ್ನಿರೋ!" ಅಂದರು ಮ್ಯಾಮ್. ಎಲ್ಲರೂ ನಕ್ಕೆವು, ಜೋವೆಲಿನ್ ಒಬ್ಬಳನ್ನು ಬಿಟ್ಟು. ಅವಳಮ್ಮನೂ ಹಾಂಗ್‌ಕಾಂಗ್‌ನಲ್ಲೇ ಇರೋದು. ಕ್ರಿಸ್‌ಮಸ್‌ಗೆ ಬರಲಿಲ್ಲ ಅಂತ ಎರಡು ತಿಂಗಳಿಂದ ಇವಳು ಫೋನೇ ಎತ್ತಿಲ್ಲ. "ಚೀಟಿ ತೆಗೀರಿ ಮ್ಯಾಮ್, ನಿಜವಾಗ್ಲೂ ಏನಂತಾಳೆ ನೋಡ್ಬೇಕು" ಅಂದಳು. ತೆಗೆದರೆ ಗುಳ್ಳೆ ಖಾಲಿ! "ಬರ್ದೋರಿಗೂ ಗೊತ್ತಾಗಿಲ್ಲ ಕಣೇ" ಅಂದರು ಮ್ಯಾಮ್. ಲೈಬ್ರರಿಯಲ್ಲಿ ಫೋನ್ ಕಂಡರೆ ಸಂಜೆವರೆಗೂ ಕಿತ್ತಿಟ್ಟುಕೊಳ್ಳುವ ಅದೇ ಮ್ಯಾಮ್, ಮೇಜಿನ ಖಾನೆಯಿಂದ ಜೋವೆಲಿನ್‌ಳ ಫೋನ್ ತೆಗೆದು ಅವಳ ಕೈಗಿಟ್ಟು, "ಆಚೆ ಕಾರಿಡಾರಲ್ಲಿ ಸಿಗ್ನಲ್ ಚೆನ್ನಾಗಿರತ್ತೆ, ಹೋಗು" ಅಂದರು. ಅವಳು ಹೋದಳು. ನಾವೆಲ್ಲ ಬಾಗಿಲ ಕಡೆಗೇ ಕಿವಿ ನೆಟ್ಟೆವು. ಹೊರಗಿನಿಂದ "ಅಮ್ಮಾ..." ಅಂತ ಕೇಳಿಸಿದ್ದೇ ತಡ, ಮ್ಯಾಮ್ ಮುಂದಿನ ಪುಟದ ಚೀಟಿಗೀಟಿ ಎಲ್ಲ ಕಿತ್ತೆಸೆದು, ನಮಗೆ ಬೇರೇನೂ ಕೇಳಿಸದಷ್ಟು ಜೋರಾಗಿ ಓದತೊಡಗಿದರು.